ಎರಡನೇ ಸಲ ಕೇಳಿದರೆ ಲೆಕ್ಕಕ್ಕಿಲ್ಲ

೧
ಎಲ್ಲಿಂದ ಶುರು ಮಾಡಲಿ? ನಿಯಮದಿಂದ ಶುರು ಮಾಡಿದರೆ ನೀವು ಪುಟ ತಿರುವುತ್ತೀರಿ. ಅಮೆರಿಕದ ಮಿನೆಸೋಟ ರಾಜ್ಯದ ವಕೀಲರು ಕೂದಲು ನರೆತ ಮೇಲೂ ಪಾಠ ಕೇಳುತ್ತಿರಬೇಕು. ಗೊತ್ತುಮಾಡಿದಷ್ಟು ಗಂಟೆ ಕೂರದಿದ್ದರೆ ಲೈಸೆನ್ಸ್ ನಿಲ್ಲುತ್ತದೆ. (ನೋಡಿ, ಆಗಲೇ ಆಕಳಿಸಿದಿರಿ.) ಹಾಗಾಗಿ ಡೋನಟ್‌ನಿಂದ ಶುರು ಮಾಡುತ್ತೇನೆ.

೨
ಜೂನ್ ಕೊನೆಯ ವಾರ, ಅದೇ ರಾಜ್ಯದ ಡುಲುತ್ ಊರಿನ ಹೋಟೆಲೊಂದರ ಸಭಾಂಗಣ. ಬಾಗಿಲಲ್ಲಿ ಹೆಸರು ಹೇಳಿ, ಡೋನಟ್ ಎತ್ತಿಕೊಂಡು, ಮಾರ್ಲಿಸ್ ಹಾಲ್ವರ್ಸನ್ ಕೊನೆಯ ಸಾಲಿಗೆ ಹೋಗಿ ಕೂತಳು. ವಿಚ್ಛೇದನದ ಕೇಸುಗಳ ವಕೀಲೆ, ಐವತ್ತು ದಾಟಿದವಳು. ಗಂಟೆ ತುಂಬಿಸುವ ಗಡುವು ಕುತ್ತಿಗೆಗೆ ಬಂದಾಗಲೇ ಎಲ್ಲರೂ ಬರುತ್ತಾರೆ, ಬಂದವರು ಲ್ಯಾಪ್‌ಟಾಪ್ ತೆರೆದು ಕಕ್ಷಿದಾರರ ಇಮೇಲ್‌ಗಳಿಗೆ ಉತ್ತರ ಬರೆಯುತ್ತಾರೆ. ಕುರ್ಚಿಯಲ್ಲಿ ಕೂತರೆ ಸಾಕು, ಕಿವಿಯ ಹಾಜರಿಯನ್ನು ಯಾರೂ ಕೇಳುವುದಿಲ್ಲ.

ವೇದಿಕೆಯ ಮೇಲೆ ಹಿರಿಯ ವಕೀಲ ಆರ್ವಿಡ್ ಲಿಂಡ್‌ಕ್ವಿಸ್ಟ್. ಬಹಳ ವರ್ಷ ಅವರದೂ ಮಾರ್ಲಿಸಳದೂ ಒಂದೇ ಕಚೇರಿಯಾಗಿತ್ತು. ನ್ಯಾಯಾಧೀಶರ ಮುಂದೆ ಹೆದರದೆ ನಿಲ್ಲುವುದನ್ನು ಅವಳಿಗೆ ಕಲಿಸಿದವರು ಅವರೇ. ಇಲ್ಲಿ ಅವರ ಪಾಠ ಪ್ರತಿ ವರ್ಷವೂ ಒಂದೇ: ಜೊತೆಯ ವಕೀಲನ ಬುದ್ಧಿ ಮಂಕಾಗುತ್ತಿದ್ದರೆ ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಅವನಿಗೆ ಹೇಳುವುದು ಹೇಗೆ.

೩
ಈ ಕತೆಯ ಮೊದಲ ಕರಡಿನಲ್ಲಿ ಮಾರ್ಲಿಸ್ ಗಮನವಿಟ್ಟು ಕೇಳುತ್ತಿದ್ದಳು. ಹರಿದು ಹಾಕಿದೆ. ಪಾಠ ನಿಜಕ್ಕೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಿತ್ತು, ಮತ್ತು ಕೋಣಗಳೆಲ್ಲ ಸೂಟು ತೊಟ್ಟಿದ್ದವು.

ಆರ್ವಿಡ್ ಮೀನು ಹಿಡಿಯಲು ಹೋದ ನ್ಯಾಯಾಧೀಶನ ಜೋಕು ಹೇಳಿದರು. ಮುಂದಿನ ಸಾಲು ಅಭ್ಯಾಸಬಲದಿಂದ ನಕ್ಕಿತು. ಸ್ವಲ್ಪ ಹೊತ್ತಿಗೆ ಅದೇ ಜೋಕು ಮತ್ತೆ ಹೇಳಿದರು. ಮತ್ತೆ ನಗು. ಮೂರನೇ ಸಲ ಹೇಳಿದಾಗ ಲ್ಯಾಪ್‌ಟಾಪಿನ ಮೇಲೆ ಮಾರ್ಲಿಸಳ ಬೆರಳುಗಳು ನಿಂತವು. ಹೋದ ವರ್ಷವೂ ಹೀಗೇ ಆಗಿತ್ತಾ ಎಂದು ಪಕ್ಕದವನನ್ನು ಕೇಳಿದಳು. ಅವನು ಪರದೆಯಿಂದ ಕಣ್ಣೆತ್ತದೆ, ಹೋದ ವರ್ಷ ಇಲ್ಲಿ ಕೂತು ಒಂದು ಇಡೀ ಉಯಿಲು ಬರೆದು ಮುಗಿಸಿದ್ದೆ ಅಂದ.

ಹೋದ ವರ್ಷ ಅವಳೂ ಇದ್ದಳು. ಅದರ ಹಿಂದಿನ ವರ್ಷವೂ. ಆರ್ವಿಡ್ ಹೇಳಿದ್ದರಲ್ಲಿ ಒಂದು ಮಾತೂ ನೆನಪಿಲ್ಲ. (ಹಾಗಾದರೆ ಮರೆವು ಯಾರಿಗೆ ಎಂದು ಇಲ್ಲಿ ಬರೆಯಬೇಕೆನಿಸಿತು. ಜಾಣತನ ಬೇಡವೆಂದು ಬಿಟ್ಟೆ. ಬಿಟ್ಟೆನೆಂದು ಹೇಳಿ ಬರೆದೂಬಿಟ್ಟೆ, ಈ ಜಾತಿಯ ಕತೆಗಾರರ ಬುದ್ಧಿಯೇ ಇಷ್ಟು.)

೪
ಪಾಠ ಮುಗಿದು ಹಾಲ್ ಖಾಲಿಯಾಯಿತು. ಕಾಫಿ ಮೇಜಿನ ಹತ್ತಿರ ಆರ್ವಿಡ್ ಅವಳ ಬಳಿ ಬಂದರು.

"ಬಂದ್ಯಾ ಮಾರ್ಲಿಸ್? ಒಳ್ಳೇದಾಯ್ತು ಕಣಮ್ಮ. ಜನ ಬರ್ಲಿ ಅಂತ ಕಾಯ್ತಿದೀನಿ. ಇನ್ನು ಶುರು ಮಾಡೋಣ್ವಾ?"

೫
ಸೋಮವಾರ ಅವರಿಗೆ ಕೋರ್ಟಿನಲ್ಲಿ ಕೇಸಿದೆ. ಯಾವನದೋ ಮನೆ, ಯಾರದೋ ಮಕ್ಕಳು ಅವರನ್ನು ನಂಬಿ ಕೂತಿವೆ.

ಮುಕ್ತಾಯ ಒಂದು: ಮಾರ್ಲಿಸ್ ಅವರ ಕೈ ಹಿಡಿದು ಸತ್ಯ ಹೇಳುತ್ತಾಳೆ, ಅವರು ಅತ್ತು ಒಪ್ಪುತ್ತಾರೆ. ಮುಕ್ತಾಯ ಎರಡು: ಅವರ ಮಗಳಿಗೆ ಫೋನ್ ಮಾಡಿ ಕೈತೊಳೆದುಕೊಳ್ಳುತ್ತಾಳೆ. ಎರಡನ್ನೂ ಮಾರ್ಲಿಸಳಿಗೇ ಓದಿ ಹೇಳಿದೆ. ಎರಡನೆಯದಕ್ಕೆ ಮುಖ ಸಿಂಡರಿಸಿದಳು.

"ಹೇಳ್ಬೇಕು ಕಣ್ರೀ, ನಾನೇ ಹೇಳ್ಬೇಕು. ಆದ್ರೆ ಏನಂತ ಹೇಳ್ಲಿ? ಅದನ್ನ ಹೇಳೋದು ಹೇಗೆ ಅಂತ ವರ್ಷಾ ವರ್ಷಾ ಹೇಳ್ಕೊಟ್ರು. ನಾನು ಒಂದು ಸಲಾನೂ ಕೇಳಿಸ್ಕೊಳ್ಲಿಲ್ಲ."

ಎರಡೂ ಮುಕ್ತಾಯಗಳನ್ನು ಹೊಡೆದುಹಾಕಿದೆ.

೬
ಅವಳು ಲ್ಯಾಪ್‌ಟಾಪ್ ಮುಚ್ಚಿಟ್ಟು ಮೊದಲ ಸಾಲಿನಲ್ಲಿ ಹೋಗಿ ಕೂತಳು. ಒಂದೇ ವರ್ಷದಲ್ಲಿ ಒಂದೇ ಪಾಠವನ್ನು ಎರಡನೇ ಸಲ ಕೇಳಿದರೆ ಆ ಗಂಟೆ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತು.

"ಶುರು ಮಾಡಿ ಆರ್ವಿಡ್," ಅಂದಳು.

ಹೋಟೆಲಿನವರು ಮೈಕ್ ಆರಿಸಿ ಹೋಗಿದ್ದರು. ಆರ್ವಿಡ್ ಖಾಲಿ ಕುರ್ಚಿಗಳಿಗೆ ನಮಸ್ಕಾರ ಹೇಳಿದರು. ಮೀನಿನ ಜೋಕು ಬಂತು, ಅವಳು ನಕ್ಕಳು. ಜೋಕು ನಿಜಕ್ಕೂ ಚೆನ್ನಾಗಿತ್ತು.

"ಜೊತೆಯವರಿಗೆ ಹೇಳೋವಾಗ ಎಲ್ಲರ ಎದುರಿಗೆ ಹೇಳ್ಬೇಡಿ," ಅಂದರು. "ಪಕ್ಕದಲ್ಲಿ ಹೋಗಿ ಕೂತ್ಕೊಳ್ಳಿ. ಅವರ ಹೆಸರು ಹಿಡಿದು ಕರೀರಿ. ಆಮೇಲೆ..."

ನಿಂತರು. ಕಾಗದ ತಿರುವಿದರು. ಮುಂದಿನ ಮಾತು ಸಿಗಲಿಲ್ಲ.

ಕತೆಯನ್ನು ಇಲ್ಲಿಗೆ ಮುಗಿಸೋಣವೆಂದು ನಾನು ಎದ್ದೆ. ಮಾರ್ಲಿಸ್ ತಿರುಗಿ ನೋಡಿದಳು.

"ಸುಮ್ನೆ ಕೂತ್ಕೊಳ್ರೀ. ಅವರಿಗೆ ನೆನಪಾಗ್ಲಿ."

ಕೂತಿದ್ದೇನೆ. ನೀವು ಬೇಕಾದರೆ ಹೊರಡಿ, ನಿಮ್ಮ ಹಾಜರಿ ಬಿದ್ದಾಗಿದೆ.