ಬೆಲ್ಟ್ ಏರಿಸುವ ಕೈ

ಕೊರಟಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ನಂದೀಶ್ವರಯ್ಯನವರ ಹಿಟ್ಟಿನ ಗಿರಣಿಯ ಮುಂದೆ ಬೆಳಿಗ್ಗೆ ಎಂಟಕ್ಕೇ ಡಬ್ಬಗಳ ಸಾಲು ನಿಂತಿತ್ತು. ಯುಗಾದಿ ಹತ್ತಿರ ಬಂದಿತ್ತು. ರಾಗಿ, ಗೋಧಿಯ ಜೊತೆಗೆ ಒಣಮೆಣಸಿನಕಾಯಿ ಚೀಲಗಳೂ ಸೇರಿ ಬೀದಿಗೆಲ್ಲ ಘಾಟು. ಸೀನುವವರು ಸೀನುತ್ತಿದ್ದರು, ಸಾಲಿಗಾಗಿ ಜಗಳವಾಡುವವರು ಆಡುತ್ತಿದ್ದರು. ಒಳಗೆ ಮೋಟಾರಿನ ಸ್ವಿಚ್ಚಿನ ಮುಂದೆ ನಿಂತಿದ್ದ ಪಾಲಾಕ್ಷನಿಗೆ ಮಾತ್ರ ಇದ್ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ. ಯಾರಿಗೂ ಕಾಣದಿರಲಿ ಎಂದು ಬಲಗೈಯನ್ನು ಜೇಬಿನೊಳಗೆ ತುರುಕಿಕೊಂಡಿದ್ದ.

ಅದು ಹಳೇ ಕಾಲದ ಗಿರಣಿ. ಈಗಿನವರು ಮಿಷನ್ನಿಗೊಂದು ಮೋಟಾರು ಇಡುತ್ತಾರೆ, ಇಲ್ಲಿ ಹಾಗಲ್ಲ. ನಂದೀಶ್ವರಯ್ಯನವರ ಅಪ್ಪ ಎಲ್ಲೋ ಮುಚ್ಚಿಹೋದ ಹತ್ತಿ ಗಿರಣಿಯಿಂದ ತಂದಿದ್ದ ಕಬ್ಬಿಣದ ಶಾಫ್ಟ್ ಒಂದು, ಈ ಗೋಡೆಯಿಂದ ಆ ಗೋಡೆಯವರೆಗೆ ತಲೆಯ ಮೇಲೆ ಹಾದುಹೋಗಿತ್ತು. ಮೊದಲು ಅದನ್ನು ಡೀಸೆಲ್ ಎಂಜಿನ್ ತಿರುಗಿಸುತ್ತಿತ್ತು, ಆಮೇಲೆ ಮೋಟಾರು ಬಂತು. ಶಾಫ್ಟಿಗೆ ಐದು ಚಕ್ರ, ಚಕ್ರಕ್ಕೊಂದು ಅಗಲ ಪಟ್ಟೆಯ ಬೆಲ್ಟು, ಬೆಲ್ಟಿಗೊಂದು ಮಿಷನ್. ಒಂದು ಕಾಲಕ್ಕೆ ದೊಡ್ಡ ದೊಡ್ಡ ಕಾರ್ಖಾನೆಗಳೇ ಹೀಗೆ ನಡೆಯುತ್ತಿದ್ದವಂತೆ. ಇದರಲ್ಲಿ ಇರುವ ತೊಡಕು ಒಂದೇ. ಒಂದು ಬೆಲ್ಟು ಜಾರಿ ಬಿದ್ದರೆ, ಅದನ್ನು ಏರಿಸಲು ಐದು ಮಿಷನ್ನುಗಳನ್ನೂ ನಿಲ್ಲಿಸಬೇಕು. ಬೀದಿ ತುಂಬ ಜನ, ಹನ್ನೊಂದಕ್ಕೆ ತ್ರೀ ಫೇಸ್ ಕರೆಂಟು ಹೋಗುತ್ತದೆ, ನಿಲ್ಲಿಸುವವರು ಯಾರು? ಶಾಫ್ಟ್ ತಿರುಗುತ್ತಿರುವಾಗಲೇ ಏಣಿ ಹತ್ತಿ, ಬೆಲ್ಟನ್ನು ಚಕ್ರದ ಅಂಚಿಗೆ ಕೊಟ್ಟು, ಅಂಗೈಯಿಂದ ಒಂದೇ ಏಟಿಗೆ ಒಳಕ್ಕೆ ತಳ್ಳುವುದು ಈ ಗಿರಣಿಯ ಪದ್ಧತಿ.

ಇಪ್ಪತ್ತೆರಡು ವರ್ಷದಿಂದ ಆ ಕೆಲಸ ಪಾಲಾಕ್ಷನದು. ಅವನು ಏಣಿ ಹತ್ತಿದರೆ ಸಾಲಿನಲ್ಲಿ ನಿಂತವರು ಕತ್ತೆತ್ತಿ ನೋಡುತ್ತಿದ್ದರು. "ಎಂಟೆದೆ ಬಂಟ ಕಣಮ್ಮ ಇವ್ನು!" ಎಂದು ಮೆಚ್ಚುತ್ತಿದ್ದರು. ಊರಿನಲ್ಲಿ ಬೆಲ್ಟ್ ಪಾಲಾಕ್ಷ ಎಂದರೇನೇ ಗುರುತು. ಅವನಿಗೂ ಅದೊಂದು ಜಂಬ, ಇಲ್ಲವೆನ್ನುವುದೇಕೆ?

ಹದಿನೈದು ದಿನದ ಹಿಂದೆ ಆ ಜಂಬವೆಲ್ಲ ಇಳಿದುಹೋಯಿತು. ಬೆಳಿಗ್ಗೆ ಎಲ್ಲರೂ ತಿಂಡಿಗೆ ಹೋಗಿದ್ದಾಗ ರಾಗಿ ಮಿಷನ್ನಿನ ಬೆಲ್ಟು ಬಿತ್ತು. ಎಂದಿನಂತೆ ಹತ್ತಿ ಬೆಲ್ಟಿಗೆ ಕೈಹಾಕಿದ. ಅಂಗಿಯ ತೋಳಿನ ತುದಿಯನ್ನು ಬೆಲ್ಟು ಕಚ್ಚಿಕೊಂಡಿದ್ದೇ ತಿಳಿಯಲಿಲ್ಲ. ಯಾವುದೋ ರಾಕ್ಷಸ ಕೈ ಹಿಡಿದು ಮೇಲಕ್ಕೆ ಎಳೆದಂತಾಯಿತು. ಅಂಗಿ ಹಳೆಯದಾಗಿದ್ದುದೇ ಪುಣ್ಯ, ಹೆಗಲಿನಿಂದ ಚರ್‍ರನೆ ಹರಿಯಿತು. ಕೆಳಗೆ ಬಿದ್ದು ಕಣ್ಣುಬಿಟ್ಟಾಗ ಹರಿದ ತೋಳು ಶಾಫ್ಟಿಗೆ ಸುತ್ತಿಕೊಂಡು ಪಟಪಟನೆ ಬಡಿಯುತ್ತ ತಿರುಗುತ್ತಿತ್ತು. ಅದರೊಳಗೆ ತನ್ನ ಕೈಯೇ ಇದೆಯೆಂದು ಅವನಿಗೆ ಅನ್ನಿಸಿತು. ಮುಟ್ಟಿ ಮುಟ್ಟಿ ನೋಡಿಕೊಂಡ.

ಹೇಳಿಕೊಳ್ಳುವುದಾದರೂ ಯಾರ ಹತ್ತಿರ? ಹರಿದ ಅಂಗಿಯನ್ನು ಹೊಟ್ಟಿನ ಗುಡ್ಡೆಯಲ್ಲಿ ಹೂತ. ಹೆಂಡತಿ ಚಿಕ್ಕಕ್ಕನಿಗೆ, ಚೀಲ ಹೊತ್ತು ಹೆಗಲು ಉಳುಕಿದೆ ಎಂದ. ಅಂದಿನಿಂದ ಶಾಫ್ಟಿನ ಸದ್ದು ಕೇಳಿದರೆ ಸಾಕು, ಕಣ್ಣು ತಂತಾನೇ ಸ್ವಿಚ್ಚಿನ ಕಡೆಗೆ ಹೋಗುತ್ತಿತ್ತು. ಏಣಿಯ ಮೂರನೇ ಮೆಟ್ಟಿಲಿಗೆ ಕಾಲಿಟ್ಟರೆ ಮೈಯೆಲ್ಲ ತಣ್ಣಗೆ ಬೆವರುತ್ತಿತ್ತು. ಬೆಲ್ಟ್ ಪಾಲಾಕ್ಷ ಹೆದರಿದನಂತೆ ಎಂಬ ಮಾತು ಬೀದಿಗೆ ಬಿದ್ದರೆ ತಲೆ ಎತ್ತಿ ಓಡಾಡುವುದು ಹೇಗೆ?

ಹಾಗಾಗಿ ಅವನೊಂದು ಕೆಲಸ ಮಾಡಿದ. ಮಾಡಬಾರದ ಕೆಲಸ. ಗಿರಣಿಯಲ್ಲಿ ಹಿಟ್ಟು ತೂಗುತ್ತಿದ್ದ ವರಲಕ್ಷ್ಮಿಗೆ ಬೆಲ್ಟು ಏರಿಸುವುದನ್ನು ಕಲಿಸಿಕೊಟ್ಟ. ಮೂವತ್ತರ ಆಸುಪಾಸಿನ ಚುರುಕು ಹೆಂಗಸು. "ನಂಗೆ ಹೆಗಲು ಆಗ್ತಿಲ್ಲ ಕಣಮ್ಮ. ನಿಂಗೆ ಕೈಚಳಕ ಐತೆ" ಎಂದ. ಮೋಟಾರು ನಿಲ್ಲಿಸಿದಾಗ ನಾಲ್ಕು ಸಲ ತೋರಿಸಿದ. ಅವಳಿಗೋ ಹಿಗ್ಗು. "ಗಂಡಸ್ರೇ ಏರ್ಸ್‌ಬೇಕು ಅಂತ ಎಲ್ಲಿ ಬರ್ದೈತೆ? ನೋಡ್ತಿರಣ್ಣ ನೀನು" ಎಂದಳು. ಅವಳ ಮುಖ ನೋಡಲಾಗದೆ ಪಾಲಾಕ್ಷ ಬೇರೆ ಕಡೆ ತಿರುಗಿದ್ದ.

ಡಬ್ಬಗಳ ಸಾಲು ನಿಂತಿದ್ದ ಈ ಬೆಳಿಗ್ಗೆ ಒಂಬತ್ತೂವರೆಗೆ ಖಾರದ ಮಿಷನ್ನಿನ ಬೆಲ್ಟು ಜಾರಿ ಬಿತ್ತು.

"ಲೇ ಪಾಲಾಕ್ಷ! ಖಾರ ನಿಂತೋಯ್ತು ನೋಡ್ಲಾ!" ನಂದೀಶ್ವರಯ್ಯ ಗಲ್ಲಾದಿಂದಲೇ ಕೂಗಿದರು.

ಪಾಲಾಕ್ಷ ಗೋಧಿ ಸುರಿಯುವವನಂತೆ ಬಗ್ಗಿಯೇ ಇದ್ದ. ಓರೆಗಣ್ಣಿನಲ್ಲಿ ನೋಡಿದರೆ ವರಲಕ್ಷ್ಮಿ ಏಣಿ ಒರಗಿಸಿ ಹತ್ತುತ್ತಿದ್ದಾಳೆ. ಸೆರಗು ಸಿಕ್ಕಿಸಿಲ್ಲ! ಘಾಟಿಗೆಂದು ಮೂಗಿಗೆ ಸುತ್ತಿ ಹೆಗಲ ಮೇಲಿಂದ ಇಳಿಬಿಟ್ಟಿದ್ದಾಳೆ. "ಬ್ಯಾಡ ಇಳಿ!" ಎಂದು ಅರಚಿದ. ಉಳಿದ ನಾಲ್ಕು ಮಿಷನ್ನಿನ ಗದ್ದಲದಲ್ಲಿ ಅದು ಅವನಿಗೇ ಕೇಳಿಸಲಿಲ್ಲ. ಸ್ವಿಚ್ಚು ಹತ್ತು ಹೆಜ್ಜೆ ದೂರ. ಕಾಲು ಕಿತ್ತಿಡಲು ಬರುತ್ತಿಲ್ಲ. ಅಯ್ಯೋ ದೇವರೇ, ಹೆದರಿಕೆಗೂ ಒಂದು ಹೊತ್ತುಗೊತ್ತು ಬೇಡವೇ? ಡಬ್ಬಗಳನ್ನು ಒದ್ದುಕೊಂಡು ಹೇಗೋ ಓಡಿದ, ಹಿಡಿಯನ್ನು ಕೆಳಕ್ಕೆಳೆದ.

ಮೋಟಾರು ಸುಮ್ಮನಾಯಿತು. ಶಾಫ್ಟ್ ಸುಮ್ಮನಾಗಲಿಲ್ಲ. ಅಷ್ಟು ಭಾರದ ಕಬ್ಬಿಣ, ಅದು ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ವರಲಕ್ಷ್ಮಿಯ ಸೆರಗಿನ ತುದಿ ಬೆಲ್ಟಿಗೂ ಚಕ್ರಕ್ಕೂ ನಡುವೆ ಹೋಗಿಯಾಗಿತ್ತು. ಅವಳು ಎರಡೂ ಕೈಯಲ್ಲಿ ಕೊರಳ ಬಳಿ ಸೀರೆ ಹಿಡಿದುಕೊಂಡಿದ್ದಳು, ಬಾಯಿ ತೆರೆದಿತ್ತು, ಸ್ವರ ಬರುತ್ತಿರಲಿಲ್ಲ. ಪಾಲಾಕ್ಷ ಏಣಿಗೆ ಹಾರಿ ಸೆರಗನ್ನು ಮುಷ್ಟಿಗೆ ಸುತ್ತಿಕೊಂಡು ಹಿಂದಕ್ಕೆ ಜಗ್ಗಿದ. ಒಂದು ಸುತ್ತು. ಇನ್ನೊಂದು ಸುತ್ತು. ಅವನ ಕೈ ಚಕ್ರದ ಹತ್ತಿರ ಹತ್ತಿರ ಹೋಯಿತು. ಆಮೇಲೆ ಶಾಫ್ಟ್ ಕೀಚಲು ಸದ್ದು ಮಾಡಿ ನಿಂತಿತು. ಅವಳ ಮುಖಕ್ಕೂ ಚಕ್ರಕ್ಕೂ ನಡುವೆ ಒಂದು ಗೇಣು ಉಳಿದಿತ್ತು.

ಸೀರೆ ಕತ್ತರಿಸಿ ಅವಳನ್ನು ಇಳಿಸಿ ಕೂರಿಸಿದರು. ಸಾಲಿನಲ್ಲಿದ್ದ ದಾಸಮ್ಮ ನೀರು ಕುಡಿಸಿದಳು. ಲೋಟ ಹಲ್ಲಿಗೆ ತಾಕಿ ಕಟಕಟ ಎನ್ನುತ್ತಿತ್ತು.

ನಂದೀಶ್ವರಯ್ಯನವರ ಮುಖ ಬಿಳುಚಿತ್ತು, ಆದರೂ ಬಾಯಿ ಸುಮ್ಮನಿರಲಿಲ್ಲ. "ಸೆರಗು ಸಿಗಿಸ್ಕಂಡು ಹತ್ಬೇಕು ಅನ್ನೋದು ಗೊತ್ತಿಲ್ವೇನಮ್ಮ? ನಮ್ಮಪ್ಪನ ಕಾಲ್ದಿಂದ್ಲೂ ಹಿಂಗೇ ಏರಿಸ್ಕಂಡು ಬಂದಿದೀವಿ. ಒಂದು ಬೆಲ್ಟು ಬಿದ್ರೆ ಐದು ಮಿಷನ್ ನಿಲ್ಸೋಕಾಯ್ತದಾ? ಈ ಜನ ಬುಡ್ತಾರಾ? ಇಷ್ಟು ವರ್ಷ ಇವ್ನು ಮಾಡ್ಲಿಲ್ವಾ? ಇವ್ನಿಗೆ ಏನಾಯ್ತು?"

"ನಂಗೂ ಆಯ್ತು ಸ್ವಾಮಿ" ಎಂದ ಪಾಲಾಕ್ಷ.

ಗುಂಡಿ ಬಿಚ್ಚಿ ಅಂಗಿಯನ್ನು ಹೆಗಲಿನಿಂದ ಜಾರಿಸಿದ. ಕಂಕುಳಿನಿಂದ ಮೊಣಕೈವರೆಗೆ ಚರ್ಮ ಕಪ್ಪು ಹಸಿರಾಗಿ ಕಂದಿತ್ತು. ಸಾಲಿನಲ್ಲಿ ಯಾರೋ "ಶಿವನೇ" ಎಂದರು.

"ಹದಿನೈದು ದಿನ ಆಯ್ತು, ನನ್ನೂ ಎಳ್ಕಂತು. ಅವತ್ತಿಂದ ನಂಗೆ ಭಯ. ಏಣಿ ನೋಡುದ್ರೆ ಭಯ, ರಾಗಿ ಮುದ್ದೆ ಮುರಿಯೋಕೂ ಕೈ ನಡುಗ್ತದೆ. ಹೇಳ್ಕಳಕ್ಕೆ ನಾಚ್ಕೆ ಆಯ್ತು. ಅದ್ಕೇ ಈವಮ್ಮನ್ನ ಹತ್ತಿಸ್ದೆ." ವರಲಕ್ಷ್ಮಿಯ ಕಡೆ ತಿರುಗಿದ. "ಹೆಗಲು ನೋವು ಅಂದಿದ್ದು ಸುಳ್ಳು."

ವರಲಕ್ಷ್ಮಿ ತಲೆಯೆತ್ತಿದಳು. ಕೊರಳ ಸುತ್ತ ಕೆಂಪಗೆ ಬಾಸುಂಡೆ ಎದ್ದಿತ್ತು.

"ಗೊತ್ತಿದ್ದೂ ಕಳಿಸ್ದಾ?"

ಪಾಲಾಕ್ಷ ಅಂಗಿಯನ್ನು ಹೆಗಲಿಗೆ ಎಳೆದುಕೊಂಡ.

"ನನ್ನ ಮಗಳು ಎಂಟನೇ ಕ್ಲಾಸು ಕಣಣ್ಣ. ಸಂಜೆ ಬಂದು ಅಮ್ಮ ಎಲ್ಲಿ ಅಂದಿದ್ರೆ ಏನಂತ ಹೇಳ್ತಿದ್ದೆ? ಭಯ ಅಂತ ಒಂದು ಮಾತು ಅಂದಿದ್ರೆ ನಿನ್ನ ಗಂಟು ಏನು ಹೋಗ್ತಿತ್ತು?"

"ತಪ್ಪಾಯ್ತು ಕಣಮ್ಮ" ಎಂದು ಅವನು ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟ, ಅಷ್ಟು ಜನರ ಮುಂದೆ. ಯಾರೂ ನಗಲಿಲ್ಲ.

ನಂದೀಶ್ವರಯ್ಯ ಗಲ್ಲಾ ಮುಚ್ಚಿ ಬಾಗಿಲಿಗೆ ಬಂದರು. "ಇವತ್ತು ತಡ ಆಯ್ತದೆ. ಆತುರ ಇರೋರು ಬ್ಯಾರೆ ಕಡೆ ಹೋಗಿ" ಎಂದು ಬೀದಿಗೆ ಹೇಳಿದರು. ಇಬ್ಬರು ಗೊಣಗುತ್ತ ಡಬ್ಬ ಎತ್ತಿಕೊಂಡರು. "ನಮ್ದೇನು, ಕಾಯ್ತೀವಿ ಬುಡಪ್ಪ. ಹಬ್ಬ ಏನು ಇವತ್ತೇ ಬಂದಿಲ್ಲ" ಎಂದು ದಾಸಮ್ಮ ಚೀಲದ ಮೇಲೇ ಕುಳಿತಳು. ಉಳಿದವರೂ ಕುಳಿತರು.

ಪಾಲಾಕ್ಷ ಕಣ್ಣೊರೆಸಿಕೊಂಡು ಎದ್ದ. ಸೆರಗು ಬಿಡಿಸುವಾಗ ಮತ್ತೆ ಕಳಚಿದ ಬೆಲ್ಟು ಜೋತಾಡುತ್ತಿತ್ತು. ನಿಂತ ಶಾಫ್ಟಿಗೆ ಏರಿಸಬೇಕಾಗಿತ್ತು, ಅಷ್ಟೇ. ಆದರೆ ಏಣಿಯ ಮೂರನೇ ಮೆಟ್ಟಿಲಿನಲ್ಲಿ ಕಾಲು ಮತ್ತೆ ನಿಂತುಹೋಯಿತು. ಯಾರಾದರೂ ಮರೆತು ಸ್ವಿಚ್ಚು ಹಾಕಿದರೆ? ಕೈ ಎಳೆದರೆ? ಅವನು ತಿರುಗಿ ಸ್ವಿಚ್ಚಿನ ಕಡೆಗೇ ನೋಡುತ್ತ ನಿಂತ.

ವರಲಕ್ಷ್ಮಿ ಅದನ್ನು ಕಂಡಳು. ಗೋಡೆ ಹಿಡಿದು ಎದ್ದು ನಿಧಾನವಾಗಿ ಸ್ವಿಚ್ಚಿನ ಬಳಿ ಹೋದಳು. ಪೆಟ್ಟಿಗೆಯ ಮುಚ್ಚಳ ತೆಗೆದು ಬಿಳಿ ಪಿಂಗಾಣಿಯ ಮೂರು ಫ್ಯೂಸುಗಳನ್ನೂ ಒಂದೊಂದಾಗಿ ಕಿತ್ತಳು. ಉಳಿದ ಅರ್ಧ ಸೆರಗಿನಲ್ಲಿ ಅವನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಏಣಿಯ ಬುಡಕ್ಕೆ ಬಂದು ನಿಂತಳು. ಮುಖ ಇನ್ನೂ ಬಿಗಿದೇ ಇತ್ತು.

"ಹತ್ತು" ಎಂದಳು. "ನೀನು ಇಳಿಯೋವರ್ಗೂ ಇವು ನನ್ನ ಹತ್ರಾನೇ ಇರ್ತವೆ."