ಮಗ್ಗದಿಂದ ಎಬ್ಬಿಸಲು ಬಂದವರು

ನರಗುಂದದ ಅರಸ ಬ್ರಿಟಿಷರ ಮೇಲೆ ಎದ್ದ ಗದ್ದಲ ತಣ್ಣಗಾದ ಮರುವರ್ಷ, ಗಜೇಂದ್ರಗಡದ ಸಿದ್ದಲಿಂಗವ್ವನ ಮನೆಯಲ್ಲಿ ನೀಲವ್ವ ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತಿದ್ದಳು. ಎದುರಿಗೆ ನೇಕಾರ ದೈವದ, ಅಂದರೆ ಕುಲಸಭೆಯ, ಪಂಚರಿಬ್ಬರು. ಹೊರಗೆ ಅವಳ ಭಾವ ಪರಪ್ಪ, ಲಕ್ಕಲಕಟ್ಟಿಯಿಂದ ಹೂಡಿಕೊಂಡು ಬಂದ ಚಕ್ಕಡಿಯ ಎತ್ತುಗಳನ್ನೂ ಬಿಚ್ಚದೆ ಕಾಯುತ್ತಿದ್ದ. ಪಂಚರ ತೀರ್ಪಿನ ಮೇಲೆ ಅವನಿಗೆ ಅಷ್ಟು ಭರವಸೆ.

ಆ ಗದ್ದಲದಲ್ಲಿ ನೀಲವ್ವನ ಗಂಡ ಸತ್ತ. ಅವಳಿಗೆ ಉಡಿಕೆಯ ಮರುಮದುವೆ ಮಾಡಿಸಲು ಪರಪ್ಪ ರೋಣದ ಕಡಲೆ ವ್ಯಾಪಾರಿಯೊಬ್ಬನನ್ನು ಗೊತ್ತು ಮಾಡಿದ. ವರನ ಬಾಯಲ್ಲಿದ್ದ ಹಲ್ಲುಗಳಿಗಿಂತ ಕೊಟ್ಟಿಗೆಯಲ್ಲಿದ್ದ ಎತ್ತುಗಳೇ ಹೆಚ್ಚು. ನೀಲವ್ವ ಓಡಿಬಂದು ಸಿದ್ದಲಿಂಗವ್ವನ ಮನೆ ಸೇರಿದಳು. ತಾನೂ ಗಂಡನಿಲ್ಲದ ಸಿದ್ದಲಿಂಗವ್ವ ಅಂಥವರನ್ನೇ ಕರೆದು ನೇಯ್ಗೆ ಕಲಿಸುತ್ತಿದ್ದಳು. ನೇಕಾರರ ಹೆಂಗಸರು ನೂಲು ಸುತ್ತಬಹುದು, ಗಂಜಿ ಹಚ್ಚಬಹುದು, ಬೆನ್ನು ಬೀಳುವವರೆಗೂ ದುಡಿಯಬಹುದು. ಕುಣಿಗಿಳಿದು ಲಾಳಿ ಹಿಡಿಯುವ ಹಕ್ಕು ಮಾತ್ರ ಗಂಡಸರದು. ಅದರಲ್ಲೂ ಇವಳು ನೇಕಾರರವಳೇ ಅಲ್ಲ, ಒಕ್ಕಲಗಿತ್ತಿ.

"ಒಂದು ಗೇಣು ನೇಯ್ಲಿ," ಎಂದಿದ್ದ ಹಿರಿಯ ಪಂಚ ಅಜ್ಜಪ್ಪ. "ಬಂದ್ರ ಇರ್ಲಿ. ಬರಲಿಲ್ಲಂದ್ರ ಭಾವನ ಚಕ್ಕಡಿ ಹತ್ಲಿ. ಆಮ್ಯಾಲ ನೀನೂ ಕಲಸೂದು ಬಿಡು, ಸಿದ್ದಲಿಂಗವ್ವಾ."

ನೀಲವ್ವ ಲಾಳಿ ದಾಟಿಸಿ, ಎಳೆಯನ್ನು ಒತ್ತಿ ಕೂಡಿಸುವ ಫಣಿ ಎಳೆದು ಹೊಡೆದಳು. ಒನಕೆ ಹಿಡಿದು ಬೆಳೆದ ಕೈ. ಎರಡು ಎಳೆ ಪಟ್ಟನೆ ಹರಿದವು.

ಹೊರಗೆ ಎತ್ತು ಕತ್ತು ಕೊಡವಿದ ಸದ್ದು. ಬೆವರಿದ ಬೆರಳಿಗೆ ಎಳೆ ಸಿಗಲೊಲ್ಲದು. ಗಂಟು ಹಾಕಿದಳು, ಬಿಚ್ಚಿತು.

"ಆತಲ್ಲ, ಮುಗೀತು," ಎಂದು ಎರಡನೆಯ ಪಂಚ ಹೇಮಪ್ಪ ಎದ್ದ. ಎದ್ದವನು ಬಾಗಿಲಿಗೆ ಹೋಗಲಿಲ್ಲ. ಹರಿದ ಎಳೆಯನ್ನು ಹಾಗೇ ಬಿಟ್ಟು ಹೋಗುವುದು ಅವನ ಕೈಲಾಗದ ಕೆಲಸ. "ಬೆರಳಿಗೆ ಬೂದಿ ಹಚ್ಕೋ. ಗಂಟು ಹಾಕಬಾರ್ದು, ಹಿಂಗ ಹೊಸೀಬೇಕು."

"ಹೇಮ್ಯಾ, ನಿಮ್ಮಪ್ಪನ ಕಾಲದಿಂದ ನಿಮ್ಮ ಮನ್ಯಾಗ ತಪ್ಪೇ ಹೊಸೀತೀರಿ. ಸರಿ ಅತ್ತಾಗ," ಎಂದ ಅಜ್ಜಪ್ಪ.

"ನಮ್ಮ ಸೀರಿ ನರಗುಂದದ ಅರಸರ ವಾಡೇಕ ಹೋಗ್ತಿದ್ವು."

"ಹೋಗ್ತಿದ್ವು. ತಿರುಗಿನೂ ಬರ್ತಿದ್ವು." ಅಜ್ಜಪ್ಪ ಕುಣಿಯ ಈ ಬದಿಗೆ ಕುಕ್ಕರಗಾಲಲ್ಲಿ ಕೂತ. "ಫಣಿ ಹೊಡೀಬ್ಯಾಡ ತಂಗಿ, ಜಗ್ಗು. ಅಂಚಿನಾಗ ಸಡ್ಲ ಬಿಡಬ್ಯಾಡ. ಮೆಲ್ಲಕ."

ನೀಲವ್ವ ತಲೆ ಎತ್ತಲಿಲ್ಲ. ಮುಖ ನೋಡಿದರೆ ತಾವು ಬಂದ ಕೆಲಸ ಇವರಿಗೆ ನೆನಪಾದೀತೆಂಬ ಭಯ. ಎರಡು ಬದಿಯಿಂದ ಎರಡು ಬೈಗುಳ, ನಡುವೆ ಬಟ್ಟೆ ಬೆಳೆಯುತ್ತಿತ್ತು.

"ಯಜಮಾನ್ರ, ಕರ್ಕೊಂಡು ಹೋಗ್ಲೇನ್ರಿ?" ಪರಪ್ಪ ಹೊರಗಿನಿಂದ ಕೂಗಿದ.

"ತಡೀಯಪಾ, ಅಂಚು ಈಗ ಬರಾಕ ಹತ್ತೈತಿ," ಎಂದುಬಿಟ್ಟ ಅಜ್ಜಪ್ಪ. ಆಮೇಲೆ ತನ್ನ ಮಾತು ತನಗೇ ಕೇಳಿಸಿ ಕೈ ಹಿಂದಕ್ಕೆಳೆದುಕೊಂಡ.

ಸಿದ್ದಲಿಂಗವ್ವ ಅವಸರ ಮಾಡಲಿಲ್ಲ. "ಒಂದು ಮಾತು ಕೇಳ್ತೀನ್ರಿ. ಇಕೀಗೆ ಕಲಿಸಿದವರು ಯಾರು ಅಂತ ಪ್ಯಾಟ್ಯಾಗ ಕೇಳಿದ್ರ, ಯಾರ ಹೆಸರು ಹೇಳ್ಲಿ?"

ಹೇಮಪ್ಪ ತನ್ನ ಹೆಸರು ಹೇಳಲು ಬಾಯಿ ತೆರೆದ. ಅಜ್ಜಪ್ಪನ ಕಣ್ಣು ನೋಡಿ ಮುಚ್ಚಿದ. ತಾವೇ ಕಲಿಸಿದ್ದನ್ನು ಇನ್ನು ಬರಲಿಲ್ಲ ಎನ್ನುವಂತಿರಲಿಲ್ಲ.

ಅಜ್ಜಪ್ಪ ಬಾಗಿಲಿಗೆ ಹೋದ. "ಚಕ್ಕಡಿ ಹೊಡಕೊಂಡು ಹೋಗು, ಪರಪ್ಪ. ಸೀರಿ ಅರ್ಧಕ್ಕ ಬಿಟ್ಟು ಏಳಬಾರದು."

"ಮುಗದ ಮ್ಯಾಲ ಬರ್ಲೇನ್ರಿ?"

ಅಜ್ಜಪ್ಪ ಒಳಕ್ಕೆ ತಿರುಗಿ ನೋಡಿದ. ಒಳಗೆ ನೀಲವ್ವ ಕುಣಿಯಿಂದ ಅರ್ಧ ಎದ್ದಿದ್ದಳು. ಸಿದ್ದಲಿಂಗವ್ವ ಅವಳ ಭುಜ ಒತ್ತಿ ಕೂಡಿಸಿದಳು.

"ಕೂಡು," ಎಂದಳು ಮೆಲುದನಿಯಲ್ಲಿ. "ಇದು ಮುಗಿಯೂದ್ರಾಗ ಇದರ ಬೆನ್ನಿಗೇ ಇನ್ನೊಂದು ಸೀರಿ ಎಳಿ ಹೊಸೆದು ಕೂಡಿಸೂಣು. ಮಗ್ಗದ ಮ್ಯಾಲ ಅರ್ಧ ಸೀರಿ ಯಾವಾಗ್ಲೂ ಇರ್ತೈತಿ."