ಹನ್ನೊಂದನೇ ನಿಯಮ

"ಉಟ್ಟುಗುಣ ಕಣ್ಲಾ ನಿಂದು. ಮೂರೊರ್ಸ ಅಲ್ಲ, ಮೂವತ್ತೊರ್ಸ ಬಾಗ್ಲು ಕಾಯ್ದ್ರೂ ಕಳ್ಳನ್ ಮಗ ಕಳ್ಳನೇಯ!"

ಲೋಕೇಶ್ ಇದನ್ನು ಶಂಕರನನ್ನು ನೋಡಿ, ಎಲ್ಲರೆದುರಿಗೂ ಗಟ್ಟಿಯಾಗಿ ಹೇಳಿದ. ಚಾಪೆಯ ಮೇಲಿದ್ದ ಅವನ ಚಿಕ್ಕಪ್ಪನ ಮಗ ಸಂತೋಷ್ ಕಿಸಕ್ಕನೆ ನಕ್ಕ. ಮರಿಸ್ವಾಮಿ ನಗಲಿಲ್ಲ, ನೆಲ ನೋಡಿದ. ಅವನು ನೆಲ ನೋಡಿದ್ದರಿಂದಲೇ ಶಂಕರನಿಗೆ ಗೊತ್ತಾಯಿತು, ಮಾತು ಆಟದೊಳಗಿನ ತನ್ನ ಪಾತ್ರ ಕೆಂಪನಿಗೆ ಮಾತ್ರ ಆಡಿದ್ದಲ್ಲವೆಂದು.

ಪಾಂಡವಪುರದ ಲೋಕೇಶನ ಮನೆಯ ಮಹಡಿ ಕೋಣೆಯಲ್ಲಿ ಮೂರು ವರ್ಷದಿಂದ ಭಾನುವಾರ ಮಧ್ಯಾಹ್ನ ಈ ಆಟ ನಡೆಯುತ್ತಿತ್ತು. ತೊಂಬತ್ತಮೂರರಲ್ಲಿ ಲೋಕೇಶ್ ಎಂಜಿನಿಯರಿಂಗ್ ಹಾಸ್ಟೆಲಿನಿಂದ ಯಾವುದೋ ಇಂಗ್ಲಿಷ್ ಆಟದ ಪುಸ್ತಕದ ಜೆರಾಕ್ಸ್ ತಂದಿದ್ದ. ಹಲಗೆಯಿಲ್ಲ, ಕಾಯಿಯಿಲ್ಲ. ಒಬ್ಬೊಬ್ಬರದೂ ಒಂದೊಂದು ಪಾತ್ರ, ಪಾತ್ರಕ್ಕೊಂದು ಹಾಳೆ. ಕಥೆ ನಡೆಸುವವನು ಲೋಕೇಶ್, ಆಗುಹೋಗು ತೀರ್ಮಾನಿಸುವುದು ದಾಳ. ಯಾರು ಯಾವ ಹೊಟ್ಟೆಯಲ್ಲಿ ಹುಟ್ಟಿದವರೆಂದು ಮೊದಲ ದಿನ ಬರೆದುಕೊಟ್ಟವನೂ ಅವನೇ. ಸಂತೋಷ್ ಪಾಳೇಗಾರನ ಮಗ. ಮರಿಸ್ವಾಮಿ ನಾಟಿ ವೈದ್ಯ. ಲೋಕೇಶನ ತಂಗಿ ಹೇಮಶ್ರೀ ಮಂತ್ರ ಕಲಿತವಳು. ಶಂಕರನಿಗೆ ಸಿಕ್ಕಿದ್ದು ಕಳ್ಳರ ಹಟ್ಟಿಯಲ್ಲಿ ಹುಟ್ಟಿದ ಕೆಂಪ. "ನಿಂಗೆ ಸರ್ಯಾಗ್ ಒಪ್ತದೆ" ಅಂದಿದ್ದ ಲೋಕೇಶ್ ಅವತ್ತು.

ಶಂಕರ ಅದನ್ನೂ ಇಸಿದುಕೊಂಡ. ಮೂರು ವರ್ಷದಲ್ಲಿ ಕೆಂಪ ಯಾರದೂ ಒಂದು ಹುಲ್ಲುಕಡ್ಡಿ ಮುಟ್ಟಿರಲಿಲ್ಲ. ಎರಡು ಸಲ ಕತ್ತಿಯೇಟು ತಿಂದು ಕೋಟೆ ಉಳಿಸಿದ್ದ, ಕಡೆಗೆ ಭಂಡಾರದ ಕಾವಲಿಗೆ ಬಂದಿದ್ದ. ಊರಾಚೆ ಕೇರಿಯ ಕುಳ್ಳಯ್ಯನ ಮಗ ಶಂಕರ ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ವಾರದಲ್ಲಿ ಆರು ದಿನ ಲೇತ್ ಅಂಗಡಿಯಲ್ಲಿ ಕಬ್ಬಿಣದ ಪುಡಿ ಗುಡಿಸಿ, ಬೈಸಿಕೊಂಡು ಬದುಕುತ್ತಿದ್ದ. ಏಳನೇ ದಿನ ಮಾತ್ರ ಅವನ ಸೊಂಟದಲ್ಲಿ ಒಂದು ಕೋಟೆಯ ಬೀಗದಕೈ ಇರುತ್ತಿತ್ತು.

ಇವತ್ತು ಭಂಡಾರದ ಪಚ್ಚೆಕಲ್ಲು ಕಳುವಾಗಿತ್ತು. ಹೇಮಶ್ರೀ ಕೆಂಪನ ಮೇಲೆ ಕೇಡು ಕಾಣುವ ಮಂತ್ರ ಹಾಕಿದಳು. ಲೋಕೇಶ್ ದಾಳವನ್ನು ಕೈಗೇ ತೆಗೆದುಕೊಳ್ಳಲಿಲ್ಲ. "ಕರ್ರಗೆ ಕಾಣ್ತಾವ್ನೆ. ಕೆಟ್ಟೋನು" ಅಂದುಬಿಟ್ಟ. ಕೆಟ್ಟವನೆಂದು ಕಂಡ ಪಾತ್ರಕ್ಕೆ ಕೋಟೆಯಲ್ಲಿ ಜಾಗವಿಲ್ಲ. ಅದರ ಹಾಳೆಯನ್ನು ಲೋಕೇಶನಿಗೆ ಒಪ್ಪಿಸಬೇಕು, ಅವನು ಹರಿದು ಹಾಕುತ್ತಾನೆ. ಇದರ ವಿರುದ್ಧ ಶಂಕರ ದನಿ ಎತ್ತಿದ್ದಕ್ಕೇ ಆ ಹುಟ್ಟುಗುಣದ ಮಾತು ಬಂದದ್ದು.

ಶಂಕರ ನಿಯಮದ ನೋಟ್‌ಬುಕ್ಕು ಎಳೆದುಕೊಂಡ. "ಅನ್ನೊಂದ್ನೇ ನಿಯಮ ಓದು."

"ನೀನೇ ಓದಪ್ಪ. ಅಷ್ಟಾದ್ರೂ ಬತ್ತದಲ್ಲ?"

ಸಂತೋಷ್ ಮತ್ತೆ ನಕ್ಕ. ಶಂಕರ ಓದಿದ. ಅಕ್ಷರ ಅವನದೇ, ಲೋಕೇಶ್ ಹೇಳುತ್ತಿದ್ದುದನ್ನೆಲ್ಲ ದುಂಡಗೆ ಬರೆದಿಟ್ಟವನು ಅವನೇ. "ಮಂತ್ರಕ್ಕೆ ಕಾಣುವುದು ಆ ಗಳಿಗೆಯಲ್ಲಿ ಮನಸ್ಸಿನಲ್ಲಿರುವ ಕೇಡು ಮಾತ್ರ. ಹುಟ್ಟು ಕಾಣುವುದಿಲ್ಲ." ತಲೆಯೆತ್ತಿದ. "ನೀನೇ ಯೋಳಿದ್ದು ಇದ್ನ."

ಲೋಕೇಶ್ ನೋಟ್‌ಬುಕ್ಕು ಕಿತ್ತುಕೊಂಡು, ಜೇಬಿನ ಪೆನ್ನು ತೆಗೆದು, ಆ ಸಾಲಿನ ಮೇಲೆ ಎರಡು ಗೀಟು ಎಳೆದ. ಪಕ್ಕದಲ್ಲಿ ಗೀಚಿದ: 'ಗುಣ ಹುಟ್ಟಿನಿಂದ. ಬದಲಾಗದು.'

"ನಮ್ಮನೇಲ್ ಆಡದು, ನಮ್ಮನೇ ನಿಯಮ. ಆಯ್ತಾ?"

"ಅಂಗಾರೆ ಸಂತೋಷನ್ ಮೇಲೂ ಮಂತ್ರ ಆಕ್ತೀನಿ" ಅಂದಳು ಹೇಮಶ್ರೀ.

"ಆಕು. ಬೆಳ್ಳಗವ್ನೆ, ಆಲಿನಂಗೆ. ಪಾಳೇಗಾರನ್ ಮಗ."

ಸಂತೋಷನಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಉರುಳಿದ. "ಅಲ್ಲ ಕಣಣ್ಣ, ಕಲ್ಲು ಕದ್ದಿರೋನು ನಾನೇ ಅಂತ ಆಗ್ಲೇ ನಿಂಗೆ ಗುಟ್ಟಾಗಿ ಚೀಟಿ ಬರ್ದು ಕೊಟ್ಟಿದ್ನಲ್ಲ. ಆದ್ರೂ ಬೆಳ್ಳಗೇನಾ?"



"ಕದ್ದೋನು ಬೆಳ್ಳಗೆ, ಕಾಯ್ದೋನು ಕರ್ರಗೆ. ಥೂ, ಚೆನ್ನಾಗದೆ ಕಣಣ್ಣ ನಿನ್ ಮಂತ್ರ" ಅಂದಳು ಹೇಮಶ್ರೀ.

"ಮಂತ್ರ ನಿಂದು. ನಿಯಮ ನಂದು. ಬಾಯ್ ಮುಚ್ಕೊಂಡ್ ಕೂತ್ಕೊ." ಲೋಕೇಶನ ಮುಖ ಕೆಂಪಾಗಿತ್ತು. ಶಂಕರನತ್ತ ಕೈ ಚಾಚಿದ. "ಕಾಗ್ದ ಕೊಡ್ಲಾ."

"ಕೆಂಪ ಕದ್ದಿಲ್ಲ."

"ಕದ್ದಿಲ್ಲ ಬುಡು. ಕದೀತಾನೆ, ಯಾವತ್ತಾರ ಒಂದಿನ."

ಮರಿಸ್ವಾಮಿ ಶಂಕರನ ಮೊಣಕಾಲು ತಟ್ಟಿದ. "ಓಗ್ಲಿ ಕೊಟ್ಬುಡ್ಲಾ. ಇನ್ನೊಂದು ಪಾತ್ರ ಮಾಡ್ಕೊಂಡ್ರಾಯ್ತು. ಆಟ ತಾನೆ?"

"ಅದ್ರ ಉಟ್ಟೂ ಇವ್ನೇ ತಾನೆ ಬರಿಯೋನು?"

ಮರಿಸ್ವಾಮಿ ಕೈ ಹಿಂದಕ್ಕೆ ತೆಗೆದುಕೊಂಡ. ನಾಲ್ಕು ಜನ ಕೂತಿದ್ದಾರೆ, ಕದ್ದವನು ಎದುರಿಗೇ ಹಲ್ಲು ಕಿರಿಯುತ್ತಿದ್ದಾನೆ, ಆದರೂ ಏಳಬೇಕಾದವನು ತಾನು. ಶಂಕರನಿಗೆ ನೋಟ್‌ಬುಕ್ಕನ್ನು ಲೋಕೇಶನ ಮುಖಕ್ಕೆ ಬಾರಿಸಬೇಕೆನ್ನಿಸಿತು. ಬಾರಿಸಿದರೆ ಆ ಗೀಚಿದ ಸಾಲೇ ನಿಜವಾಗುತ್ತದೆ. ಕೆಂಪನ ಹಾಳೆ ತೆಗೆದುಕೊಂಡು ಎದ್ದ.

"ಅದ್ನ ತಕೊಂಡೋಗಂಗಿಲ್ಲ ಕಣ್ಲಾ! ಲೇ! ನಿಂಗೇ ಯೋಳ್ತಿರೋದು!"

ಮೆಟ್ಟಿಲಿಳಿದ. ಕೆಳಗೆ ನಡುಮನೆಯಲ್ಲಿ ಲೋಕೇಶನ ಅಪ್ಪ ಶಿವಲಿಂಗಯ್ಯ ಊಟ ಮುಗಿಸಿ ಎಲೆಗೆ ಸುಣ್ಣ ಸವರುತ್ತ ಕೂತಿದ್ದರು. ಮಹಡಿಯ ಕೂಗು ಕೇಳಿ ಕತ್ತೆತ್ತಿದರು. ಕಣ್ಣು ಮೊದಲು ಹೋದದ್ದು ಶಂಕರನ ಮುಖಕ್ಕಲ್ಲ, ಕೈಗೆ.

"ಯಾರ್ಲಾ, ಕುಳ್ಳಯ್ಯನ್ ಮಗನಾ? ಕೈಲೇನ್ಲಾ ಅದು, ಮೇಲಿಂದ ತಂದಿರೋದು?"

ಶಂಕರ ಕೈಯನ್ನು ಬೆನ್ನ ಹಿಂದೆ ಮಾಡಲಿಲ್ಲ, ಜೇಬಿಗೂ ಹಾಕಲಿಲ್ಲ. ಹೊಸಿಲು ದಾಟಿ ಚಪ್ಪಲಿ ಮೆಟ್ಟಿದ.

"ನಿಂತ್ಕೊಳ್ಲಾ, ಕೇಳ್ತಿಲ್ವಾ? ಏನದು?"

ರಸ್ತೆಯಲ್ಲಿ ಫ್ಯಾಕ್ಟರಿಗೆ ಹೊರಟ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಬಿಸಿಲಲ್ಲಿ ಗಾಡಿಗಳ ಪಕ್ಕದಲ್ಲೇ ಅವನು ನಡೆದುಹೋದ. ಕೈಯಲ್ಲಿನ ಹಾಳೆ ಗಾಳಿಗೆ ಪಟಪಟ ಬಡಿಯುತ್ತಿತ್ತು, ಎಲ್ಲರಿಗೂ ಕಾಣುವ ಹಾಗೆ.